ನಾನ್ಶೆ ದೇವಿಯ ನ್ಯಾಯಾಸನ

ದೇವತೆಯು ಪೂಜೆಗೆ ಒಲಿಯುವುದೋ ನಡತೆಗೆ ಒಲಿಯುವುದೋ ಎಂಬ ಪ್ರಶ್ನೆಯು ಯಾವ ಒಂದು ಜನಾಂಗದ ಸ್ವತ್ತೂ ಅಲ್ಲ. ಟೈಗ್ರಿಸ್ ಯೂಫ್ರೆಟಿಸ್ ನದಿಗಳ ಕೆಳನಾಡಿನಲ್ಲಿ, ಎಂದರೆ ಈಗಿನ ಇರಾಕಿನ ದಕ್ಷಿಣ ಭಾಗದಲ್ಲಿ, ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಬಾಳಿದ ಸುಮೇರಿಯನ್ನರು ಇದಕ್ಕೆ ಕೊಟ್ಟ ಉತ್ತರವು ನಾನ್ಶೆ ಎಂಬ ದೇವಿಯ ಸ್ತೋತ್ರದಲ್ಲಿ ಉಳಿದುಬಂದಿದೆ.

ನಾನ್ಶೆಯು ಜಲಾಧಿದೇವನಾದ ಎಂಕಿಯ ಮಗಳು. ಲಗಾಶ್ ರಾಜ್ಯದ ನಿನಾ ಪಟ್ಟಣವು ಆಕೆಯ ಕ್ಷೇತ್ರ. ಸಿರಾರಾ ಎಂಬುದು ಆಕೆಯ ದೇಗುಲ. ಮೀನುಗಳೂ ನೀರುಹಕ್ಕಿಗಳೂ ಆಕೆಯ ಪರಿವಾರ. ಕನಸುಗಳ ಅರ್ಥವನ್ನು ಬಿಡಿಸಿ ಹೇಳುವವಳೂ ಆಕೆಯೇ. ಕ್ರಿ. ಪೂ. ಸುಮಾರು 2100ರಲ್ಲಿ ಲಗಾಶನ್ನು ಆಳಿದ ಗುಡೇಯನು, ನಿಂಗಿರ್ಸು ದೇವನಿಗೆ ಆಲಯವನ್ನು ಕಟ್ಟಿಸುವ ಮುನ್ನ ತಾನು ಕಂಡ ಕನಸಿನ ಭಾವವನ್ನರಿಯಲು ದೋಣಿಯೇರಿ ಈಕೆಯ ಸನ್ನಿಧಿಗೆ ಹೋದನೆಂದು ಅವನ ಶಾಸನವೇ ಹೇಳುತ್ತದೆ.

ಸ್ತೋತ್ರವು ಈಕೆಯನ್ನು ಕೊಂಡಾಡುವುದಾದರೂ ಶೌರ್ಯಕ್ಕಾಗಿಯಲ್ಲ, ಸೌಂದರ್ಯಕ್ಕಾಗಿಯೂ ಅಲ್ಲ. ಅನಾಥನನ್ನು ಅರಿತವಳು, ವಿಧವೆಯನ್ನು ಅರಿತವಳು ಎಂಬುದೇ ಆಕೆಯ ಮಹಿಮೆ. ವರ್ಷಾರಂಭದ ದಿನ ದೇವಿಯು ವಿಚಾರಣೆಗೆ ಕುಳಿತುಕೊಳ್ಳುವಳು. ಲೇಖನದ ಅಧಿದೇವತೆಯಾದ ನಿಸಾಬೆಯು ತೊಡೆಯ ಮೇಲೆ ಲೆಕ್ಕದ ಹಲಗೆಗಳನ್ನಿಟ್ಟುಕೊಂಡು ಜನರನ್ನು ಸಾಲಾಗಿ ನಿಲ್ಲಿಸುವಳು. ಹಿರಿಯ ತೂಕದ ಬದಲು ಕಿರಿಯ ತೂಕವನ್ನಿಟ್ಟವನೂ, ಅಳತೆಯನ್ನು ಕುಗ್ಗಿಸಿದವನೂ, ತನ್ನದಲ್ಲದುದನ್ನು ತಿಂದು ಒಪ್ಪಿಕೊಳ್ಳದವನೂ ಅಲ್ಲಿ ಸಿಕ್ಕಿಬೀಳುವರು.

ಇಲ್ಲಿ ವಿಚಾರಣೆಗೆ ನಿಂತವರು ಯಾರೆಂಬುದನ್ನು ವಾಚಕರು ಗಮನಿಸಬೇಕು. ಆ ಕಾಲದ ದೇಗುಲಕ್ಕೆ ಹೊಲಗಳಿದ್ದವು, ಮಂದೆಗಳಿದ್ದವು, ಕಣಜಗಳಿದ್ದವು. ಅದನ್ನು ಆಶ್ರಯಿಸಿದವರಿಗೆ ಜವೆಗೋದಿಯ ಪಡಿ ಸಲ್ಲುತ್ತಿತ್ತು. ದೇವಿಯ ಮುಂದೆ ನಿಂತವರು ಶತ್ರುಗಳಲ್ಲ, ನಾಸ್ತಿಕರೂ ಅಲ್ಲ. ಆಕೆಯ ಪಡಿಯನ್ನೇ ಉಂಡ ಪರಿವಾರದವರು. ಆಕೆಯ ದಂಡವು ಮೊದಲು ಏಳುವುದು ತನ್ನ ಮನೆಯವರ ಮೇಲೆ.

ಇದೆಲ್ಲವೂ ಬರಿಯ ಬಾಯುಪಚಾರವೆಂದು ಪೂರ್ವಪಕ್ಷವು ಏಳಬಹುದು. ಬಲವಂತನ ಕೈಗೆ ವಿಧವೆಯನ್ನೂ ಅನಾಥನನ್ನೂ ಒಪ್ಪಿಸೆನೆಂದು ಗುಡೇಯನಿಗಿಂತ ಎರಡು ಶತಮಾನಗಳಿಗೂ ಹಿಂದೆ ಉರುಕಗಿನನೆಂಬ ದೊರೆ ನಿಂಗಿರ್ಸುವಿಗೆ ಮಾತು ಕೊಟ್ಟಿದ್ದನು. ಶವಸಂಸ್ಕಾರಕ್ಕೆಂದು ಬಡವರಿಂದ ಸೆಳೆಯುತ್ತಿದ್ದ ರೊಟ್ಟಿ ಮದ್ಯಗಳನ್ನು ಇಳಿಸಿದೆನೆಂದೂ ಬರೆಯಿಸಿದನು. ಗುಡೇಯನು ಅದೇ ಮಾತನ್ನು ಮತ್ತೆ ಕೆತ್ತಿಸಬೇಕಾಯಿತೆಂದರೆ ನಡುವೆ ಅನ್ಯಾಯವು ಅಳಿದಿರಲಿಲ್ಲವೆಂದೇ ಅರ್ಥವಲ್ಲವೇ? ಆಕ್ಷೇಪವು ನಿಜವೇ. ಆದರೆ ಬಾಯುಪಚಾರಕ್ಕಾದರೂ ಇಂಥ ಮಾತನ್ನೇ ಆಡಬೇಕಾಯಿತೆಂಬುದೂ ಅಷ್ಟೇ ನಿಜ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಗುಡೇಯನ ಶಿಲಾಪ್ರತಿಮೆಯೊಂದರ ಮೇಲೆ, ನಾನ್ಶೆಯ ಮತ್ತು ನಿಂಗಿರ್ಸುವಿನ ನ್ಯಾಯವನ್ನು ಪಾಲಿಸಿದೆನೆಂಬುದರೊಡನೆ, ಗಂಡುಸಂತಾನವಿಲ್ಲದ ಮನೆಗೆ ಮಗಳನ್ನೇ ಉತ್ತರಾಧಿಕಾರಿಣಿಯನ್ನಾಗಿ ಮಾಡಿದೆನೆಂಬ ಮಾತೂ ಇದೆ. ಬಾಯುಪಚಾರವು ಇಷ್ಟು ಸ್ಪಷ್ಟವಾದ ಕಟ್ಟಳೆಯವರೆಗೆ ಇಳಿದುಬಂದಾಗ ಅದನ್ನು ಬರಿಯ ಮಾತೆನ್ನುವುದು ಕಷ್ಟ.

ಸಿರಾರಾ ಇಂದು ಮಣ್ಣುದಿಬ್ಬ. ನಾನ್ಶೆಗೆ ನೈವೇದ್ಯವನ್ನಿಡುವವರು ಒಬ್ಬರೂ ಇಲ್ಲ. ಆದರೆ ಕಳ್ಳ ಅಳತೆಯಿಂದ ಉಳಿಸಿದ ಧಾನ್ಯದಲ್ಲಿ ಮಾಡಿದ ನೈವೇದ್ಯವು ನೈವೇದ್ಯವಾಗುವುದೇ ಎಂಬ ಆಕೆಯ ಪ್ರಶ್ನೆ, ಕಣಜವೂ ಗುಡಿಯೂ ಇರುವ ಊರುಗಳಲ್ಲೆಲ್ಲಾ ಉತ್ತರಕ್ಕಾಗಿ ಕಾದೇ ಇದೆ.