ಒಂದು ಮೀನಿನ ದಾನ

ಮಗಳು ಬ್ರಿಸ್ಬೇನಿನಲ್ಲಿರುವುದರಿಂದ, ಒಂದು ಶನಿವಾರ ಮೋರ್ಟನ್ ದ್ವೀಪದ ಟ್ಯಾಂಗಲೂಮಕ್ಕೆ ಹೋಗುವ ಯೋಗ ನನಗೂ ಬಂದಿತು. ಯಾರೂ ಸಾಕದ ಡಾಲ್ಫಿನ್ನುಗಳು ಅಲ್ಲಿ ಸಂಜೆ ದಡಕ್ಕೆ ಬರುತ್ತವೆ. 1992ರಿಂದ ಅವಕ್ಕೆ ಮೀನು ನೀಡುವ ಪದ್ಧತಿಯಿದೆ. ಕೈ ತೊಳೆದು, ಸಾಲಿನಲ್ಲಿ ನಿಂತು, ನೀರಿಗಿಳಿದು ಕೊಡಬೇಕು; ಮುಟ್ಟಕೂಡದು. ಸಸ್ಯಾಹಾರಿಯಾದ ನಾನು ಸತ್ತ ಮೀನಿನ ಬಾಲ ಹಿಡಿದು ನಿಂತದ್ದನ್ನು ನಮ್ಮ ತಾಯಿ ಕಂಡಿದ್ದರೆ ಏನೆನ್ನುತ್ತಿದ್ದರೋ! ಬೂದುಬಣ್ಣದ ಮೂತಿಯೊಂದು ಬಂದು ಮೆಲ್ಲಗೆ ಅದನ್ನೆಳೆದುಕೊಂಡಿತು. ನನಗಾದ ಸಂತೋಷ ಹೇಳತೀರದು.

ಇನ್ನೊಂದು ಕೊಡುತ್ತೇನೆಂದರೆ ಬೇಡವೆಂದರು. ಹಸಿವಿನ ಅಲ್ಪ ಭಾಗವನ್ನಷ್ಟೇ ನೀಗಿಸುವುದಂತೆ. ಉಳಿದದ್ದಕ್ಕೆ ಅವೇ ಬೇಟೆಯಾಡಬೇಕು. ಎಂಥ ಜಿಪುಣತನ ಎನಿಸಿತು. ಆದರೆ ಅದೇ ದೇಶದ ಪಶ್ಚಿಮ ತೀರದ ಮಂಕಿ ಮಿಯಾದಲ್ಲಿ ಧಾರಾಳವಾಗಿ ಉಣಿಸಿದ ಕಾಲವೊಂದಿತ್ತು. ತಾಯಂದಿರು ದಡ ಕಾಯುತ್ತ ನಿಂತರು. ಅವುಗಳ ಮರಿಗಳಲ್ಲಿ ಅನೇಕವು ಬದುಕಲಿಲ್ಲ. 1995ರಲ್ಲಿ ನಿಯಮ ಬಿಗಿಯಾದ ಮೇಲೆಯೇ ಹೆಚ್ಚು ಮರಿಗಳು ಉಳಿಯತೊಡಗಿದವು. ಅಲ್ಲಿ ಕೊಟ್ಟವರ ಮನಸ್ಸೂ ನನ್ನದರಂತೆಯೇ ತುಂಬಿ ಬಂದಿರಬೇಕಲ್ಲ!

ಹಾಗಾದರೆ ಹಸಿದಿದ್ದವರು ಯಾರು? ಡಾಲ್ಫಿನ್ನಿಗೆ ಸಮುದ್ರವೇ ಇತ್ತು. ಹಣ ತೆತ್ತು, ಹಡಗು ಹತ್ತಿ, ಕೊಟ್ಟೆನೆಂಬ ಸುಖಕ್ಕಾಗಿ ಸರದಿಯಲ್ಲಿ ನಿಂತವನು ನಾನು. ಇದೇ ಟ್ಯಾಂಗಲೂಮದಲ್ಲಿ 1952ರಿಂದ 1962ರವರೆಗೆ 6,000ಕ್ಕೂ ಹೆಚ್ಚು ತಿಮಿಂಗಿಲಗಳನ್ನು ಎಣ್ಣೆಗಾಗಿ ಕೊಂದರು. ಅದು ಕ್ರೌರ್ಯವೆಂದು ತಿಳಿಯಲು ಕಷ್ಟವಿಲ್ಲ. ನನ್ನ ಪ್ರೀತಿಯನ್ನು ಏನೆಂದು ಕರೆಯುವುದು?

ಭಾನುವಾರ ಸಂಜೆ ಮೊಮ್ಮಗ, "ಇವತ್ತೂ ಮೀನು ಕೊಡೋಣವೇ, ತಾತ?" ಎಂದ. "ದೂರದಿಂದಲೇ ನೋಡೋಣ" ಎಂದೆ. ಅವನಿಗೆ ಹಿಡಿಸಲಿಲ್ಲ. ನಿಜ ಹೇಳಬೇಕೆಂದರೆ, ನನಗೂ.