ಬಾಡಿಗೆ ಕೋಣೆಯ 70 ಚದರಡಿ

ಜಗಳೂರಿನ ಕಡೆ ಹಳ್ಳಿಯ ಹುಡುಗ ಪೇಟೆಗೆ ಓದಲು ಹೋದರೆ ‘ರೂಮು ಮಾಡಿಕೊಂಡಿದ್ದಾನೆ’ ಎನ್ನುತ್ತೇವೆ. ‘ಮನೆ ಮಾಡಿಕೊಂಡಿದ್ದಾನೆ’ ಎಂದರೆ ಅರ್ಥವೇ ಬೇರೆ, ಹೆಂಡತಿ ಮಕ್ಕಳು ಬಂದಿದ್ದಾರೆ ಎಂದಾಗುತ್ತದೆ. ರೂಮಿಗೆ ಊರಿನಿಂದ ಬಸ್ಸಿನಲ್ಲಿ ರೊಟ್ಟಿಯ ಗಂಟು ಬರುತ್ತದೆ, ಮನೆಗೆ ನೆಂಟರು ಬರುತ್ತಾರೆ. ಕನ್ನಡದಲ್ಲಿ ಮನೆ ಎಂಬ ಒಂದೇ ಮಾತು ಕಟ್ಟಡಕ್ಕೂ ಸಲ್ಲುತ್ತದೆ, ಅದರೊಳಗಿನ ಸಂಬಂಧಕ್ಕೂ ಸಲ್ಲುತ್ತದೆ. ಉರ್ದುವಿನಲ್ಲಿ ಮಕಾನ್ ಬೇರೆ, ಘರ್ ಬೇರೆ. ಬಾಡಿಗೆಗೆ ಕೊಡುವವನು ‘ಮಕಾನ್ ಮಾಲಿಕ್’. ಅಂದರೆ ಗೋಡೆ, ಚಾವಣಿ, ಬಾಗಿಲಿಗೆ ಒಡೆಯ. ಸಂಸಾರವಿದ್ದ ಮನೆ ಕೋಣೆ ಕೋಣೆಯಾಗಿ ಬಾಡಿಗೆಗೆ ಹೋದಾಗ ಅದರ ಮೇಲೆ ನಗರಸಭೆಗೋ ಪಟ್ಟಣ ಪಂಚಾಯಿತಿಗೋ ಎಷ್ಟು ಅಧಿಕಾರವಿರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಉರ್ದುವಿನ ಈ ಭೇದ ನನಗೆ ಬಹಳ ಉಪಯೋಗಕ್ಕೆ ಬಂದಿದೆ.

ಇಂಥ ಮನೆಗಳು ಹುಟ್ಟುವ ಬಗೆ ಎಲ್ಲರಿಗೂ ಗೊತ್ತು. ಅಣ್ಣತಮ್ಮಂದಿರು ಪಾಲಾಗುತ್ತಾರೆ, ಮಕ್ಕಳು ಬೆಂಗಳೂರು ಸೇರುತ್ತಾರೆ. ಹತ್ತು ಹನ್ನೆರಡು ಜನ ಉಂಡು ಮಲಗಿದ ಮನೆಯಲ್ಲಿ ಮುದುಕಿಯೊಬ್ಬಳು ಉಳಿಯುತ್ತಾಳೆ. ಪಡಸಾಲೆಗೆ ಪ್ಲೈವುಡ್ಡಿನ ಅಡ್ಡಗೋಡೆ ಬೀಳುತ್ತದೆ, ಹಿತ್ತಲಿಗೆ ತಗಡಿನ ಶೀಟು ಬರುತ್ತದೆ, ಮಂಚಕ್ಕೆ ಇಷ್ಟು ಎಂದು ಬಾಡಿಗೆ ನಿಗದಿಯಾಗುತ್ತದೆ. ಆ ದುಡ್ಡಿನಲ್ಲಿ ಮುದುಕಿಯ ಔಷಧಿ ನಡೆಯುತ್ತದೆ, ಹುಡುಗನ ಓದೂ ನಡೆಯುತ್ತದೆ. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಒಂದು ಸಂಸಾರಕ್ಕೆಂದು ಕಟ್ಟಿದ ಕಕ್ಕಸನ್ನು ಹದಿನೈದು ಜನ ಬಳಸುವಾಗ, ಬೆಂಕಿ ಬಿದ್ದರೆ ಓಡಲು ಒಂದೇ ಬಾಗಿಲಿರುವಾಗ, ‘ನನ್ನ ಮನೆ, ನನ್ನಿಷ್ಟ’ ಎಂಬ ಮಾತು ನಿಲ್ಲುವುದಿಲ್ಲ. ತಲೆ ಎಣಿಸಿ ಹಣ ಪಡೆದವನು ಆ ತಲೆಗಳ ಹೊಣೆಯನ್ನೂ ಹೊರಬೇಕು.

2024ರ ಜುಲೈನಲ್ಲಿ ಬೆಂಗಳೂರಿನ ಕೋರಮಂಗಲದ ಪಿಜಿಯೊಂದಕ್ಕೆ ನುಗ್ಗಿ ಯುವತಿಯೊಬ್ಬಳನ್ನು ಕೊಂದ ಘಟನೆ ನಡೆಯಿತು. ಮರುತಿಂಗಳು ಆಗಿನ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಶುಚಿಯಾದ ಶೌಚಾಲಯ, ಅಡುಗೆಮನೆಗೆ ಆಹಾರ ಸುರಕ್ಷತೆಯ ಪರವಾನಗಿ, ಹಗಲೂ ರಾತ್ರಿ ಕಾವಲುಗಾರ, ಬಾಗಿಲಲ್ಲಿ ಕ್ಯಾಮೆರಾ, ಅದರ 90 ದಿನಗಳ ದಾಖಲೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಆದರೂ ಈ ಪಟ್ಟಿ ನಮ್ಮ ಸಣ್ಣ ಊರುಗಳ ಚರ್ಚೆಗೂ ಒಂದು ಆಧಾರವಾಗಬಲ್ಲದು. ಕ್ಯಾಮೆರಾ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಮಕಾನಿಗೆ ಸಂಬಂಧಿಸಿದ್ದು. ಯಾರ ಕೋಣೆಗೆ ಯಾರು ಬಂದರೆಂಬ ದಾಖಲೆ ಮೂರು ತಿಂಗಳು ಮಾಲೀಕನ ಕೈಯಲ್ಲಿರುವುದು ಮಾತ್ರ ನನಗೆ ಅಷ್ಟು ಸರಿ ಕಾಣುವುದಿಲ್ಲ.

70 ಚದರಡಿ ಎಂಬ ಅಳತೆ ಇಂಗ್ಲೆಂಡಿನಲ್ಲೂ ಇದೆ. ಅಲ್ಲಿ ಒಂದೇ ಕುಟುಂಬಕ್ಕೆ ಸೇರದ ಐದು ಅಥವಾ ಹೆಚ್ಚು ಜನ ಹಂಚಿಕೊಂಡು ಬಾಳುವ ಮನೆಗೆ ಸ್ಥಳೀಯ ಕೌನ್ಸಿಲಿನ ಪರವಾನಗಿ ಬೇಕು. 2018ರ ಅಕ್ಟೋಬರಿನಿಂದ ಹೀಗೆ ಪರವಾನಗಿ ಪಡೆಯುವ ಮನೆಗಳಲ್ಲಿ ಒಬ್ಬ ವಯಸ್ಕ ಮಲಗುವ ಕೋಣೆ ಕನಿಷ್ಠ 6.51 ಚದರ ಮೀಟರ್ ಇರಬೇಕು. ಲೆಕ್ಕ ಹಾಕಿದರೆ ಅದು ನಮ್ಮ 70 ಚದರಡಿಯೇ. ಅಳತೆಗೆ ಕಡಿಮೆಯಿದ್ದ ಕೋಣೆಗಳನ್ನು ಸರಿಪಡಿಸಿಕೊಳ್ಳಲು ಅಲ್ಲಿ 18 ತಿಂಗಳವರೆಗೆ ಕಾಲಾವಕಾಶ ಕೊಡುವ ಏರ್ಪಾಡೂ ಇತ್ತು.

ಅಮೆರಿಕದ ಕೆಲವು ಊರುಗಳು ಮಾತ್ರ ಗೋಡೆಯ ಅಳತೆ ಬಿಟ್ಟು ಘರ್‌ನ ಒಳಗೇ ಕೈಯಿಟ್ಟವು. ನ್ಯೂಯಾರ್ಕ್ ರಾಜ್ಯದ ಬೆಲ್ ಟೆರ್ ಎಂಬ ಹಳ್ಳಿ, ರಕ್ತಸಂಬಂಧ ಮದುವೆ ದತ್ತುಗಳಿಲ್ಲದ ಇಬ್ಬರಿಗಿಂತ ಹೆಚ್ಚು ಜನ ಒಂದು ಮನೆಯಲ್ಲಿರಬಾರದೆಂದು ನಿಯಮ ಮಾಡಿತು. ಆರು ವಿದ್ಯಾರ್ಥಿಗಳು ಬಾಡಿಗೆಗೆ ಬಂದಾಗ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1974ರಲ್ಲಿ ಕೋರ್ಟು ಹಳ್ಳಿಯ ಪರ ನಿಂತಿತು. ಒಹಾಯೋದ ಈಸ್ಟ್ ಕ್ಲೀವ್‌ಲ್ಯಾಂಡ್ ಇನ್ನೂ ಮುಂದೆ ಹೋಯಿತು. ಐನೆಜ್ ಮೂರ್ ಎಂಬ ಅಜ್ಜಿ ತನ್ನ ಮಗ ಮತ್ತು ಇಬ್ಬರು ಮೊಮ್ಮಕ್ಕಳ ಜೊತೆ ಇದ್ದಳು. ಮೊಮ್ಮಕ್ಕಳಲ್ಲಿ ಒಬ್ಬ ತಾಯಿ ಸತ್ತ ಮೇಲೆ ಅಜ್ಜಿಯ ಮಡಿಲಿಗೆ ಬಂದವನು. ಇಬ್ಬರೂ ಒಡಹುಟ್ಟಿದವರಲ್ಲ, ಅಣ್ಣತಮ್ಮಂದಿರ ಮಕ್ಕಳು. ಆದ್ದರಿಂದ ಇದು ‘ಕುಟುಂಬ’ವಲ್ಲ ಎಂದಿತು ನಗರದ ಕಾನೂನು. ಅಜ್ಜಿಗೆ ಐದು ದಿನ ಜೈಲು, 25 ಡಾಲರ್ ದಂಡ. 1977ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಅಜ್ಜಿಯೊಬ್ಬಳು ಇಷ್ಟಕ್ಕಾಗಿ ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಹೋಗಬೇಕಾಯಿತು! ದೊಡ್ಡಪ್ಪನ ಮಗ, ಚಿಕ್ಕಪ್ಪನ ಮಗ ಒಂದೇ ತಟ್ಟೆಯಲ್ಲಿ ಉಣ್ಣುವ ನಮ್ಮ ಕಡೆ ಇದನ್ನು ಹೇಳಿದರೆ ನಗುತ್ತಾರೆ.

ನಗುವ ಮುಂಚೆ ನಮ್ಮ ಬೀದಿಯನ್ನೂ ನೋಡಿಕೊಳ್ಳಬೇಕು. ಇಲ್ಲಿ ಬರೆದ ಕಾನೂನಿಲ್ಲ, ಆದರೆ ಬಾಗಿಲಲ್ಲಿ ನಿಂತವನಿಗೆ ಪ್ರಶ್ನೆಗಳಿವೆ. ಸಂಸಾರಸ್ಥರಾ? ಯಾವ ಜನ? ಮಾಂಸ ಮಾಡುತ್ತೀರಾ? ಮುಸ್ಲಿಂ ಹುಡುಗ ಹೆಸರು ಹೇಳಿದೊಡನೆ ‘ಈಗಷ್ಟೇ ಬೇರೆಯವರು ಅಡ್ವಾನ್ಸ್ ಕೊಟ್ಟು ಹೋದರಲ್ಲಾ’ ಎಂಬ ಉತ್ತರ ಬರುತ್ತದೆ. ನಮ್ಮ ಮೊಹಲ್ಲಾಗಳೇನು ಇದಕ್ಕೆ ಹೊರತಲ್ಲ. ಮದುವೆಯಾಗದ ಹುಡುಗರನ್ನು, ಕೆಲಸಕ್ಕೆ ಹೋಗುವ ಒಂಟಿ ಹೆಣ್ಣನ್ನು ನಾವೂ ‘ಅಕ್ಕಪಕ್ಕದಲ್ಲಿ ಸಂಸಾರಸ್ಥರಿದ್ದಾರೆ’ ಎಂದೇ ವಾಪಸು ಕಳಿಸುತ್ತೇವೆ.

ನೆರೆಯವರ ದೂರು ಎಲ್ಲವೂ ಸುಳ್ಳೆಂದಲ್ಲ. ಮಳೆ ಕಡಿಮೆಯಾದ ನಮ್ಮ ತಾಲ್ಲೂಕಿನಲ್ಲಿ ಒಂದು ನಲ್ಲಿಯ ನೀರಿಗೆ ಹದಿನೈದು ಕೊಡಗಳು ಸಾಲು ನಿಂತರೆ ಪಕ್ಕದ ಮನೆಯವರಿಗೆ ಸಿಟ್ಟು ಬರುವುದು ನ್ಯಾಯವೇ. ನೀರು, ಚರಂಡಿ, ಕಸ, ಮಧ್ಯರಾತ್ರಿಯ ಗದ್ದಲ ಇವನ್ನೆಲ್ಲ ಪಂಚಾಯಿತಿ ವಿಚಾರಿಸಲಿ. ಆದರೆ ‘ಅವರೆಲ್ಲ ಒಬ್ಬರಿಗೊಬ್ಬರು ಏನಾಗಬೇಕು’ ಎಂದು ಕೇಳುವ ಅರ್ಜಿಯನ್ನು ಅದು ತೆಗೆದುಕೊಳ್ಳಲೇಬಾರದು.

ಅದಕ್ಕಿಂತ ಕಷ್ಟದ ಪ್ರಶ್ನೆ ಬೇರೆ ಇದೆ. ಕಿಷ್ಕಿಂಧೆಯಂಥ ಕೋಣೆಯಲ್ಲಿ ಆರು ಹುಡುಗರಿದ್ದಾರೆ, ನಿಯಮದ ಪ್ರಕಾರ ಮೂವರಿಗಷ್ಟೇ ಜಾಗ. ಮೂವರು ಹೊರಗೆ ಹೋಗುತ್ತಾರೆ, ಉಳಿದವರ ಬಾಡಿಗೆ ಎರಡರಷ್ಟಾಗುತ್ತದೆ. ಹೋದವನು ಹುಡುಗನಾದರೆ ಓದು ಬಿಟ್ಟು ಗಾರೆ ಕೆಲಸಕ್ಕೆ ಸೇರಬಹುದು. ಹುಡುಗಿಯಾದರೆ ಊರಿನಲ್ಲಿ ಅವಳಿಗೆ ಗಂಡು ಹುಡುಕಲು ಶುರುಮಾಡುತ್ತಾರೆ. ಅವಳ ಒಳಿತಿಗೆಂದೇ ಮಾಡಿದ ನಿಯಮ ಅವಳನ್ನು ಹೀಗೆ ಮನೆಗೆ ಕಳಿಸಬಹುದಾದರೆ, ಅದನ್ನು ಮಾಡಿದವರು ಕೈ ತೊಳೆದುಕೊಳ್ಳುವಂತಿಲ್ಲ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು 2013-14ರಲ್ಲಿ ರಾಜ್ಯ ಸರ್ಕಾರವೇ ವಿದ್ಯಾಸಿರಿ ಯೋಜನೆ ತಂದು, ಊಟ ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡತೊಡಗಿತು. ಆ ಹಣದಲ್ಲಿ ಎಂಥ ಕೋಣೆ ಸಿಗುತ್ತದೆಂದು ಲೆಕ್ಕ ಹಾಕಲು ಅರ್ಥಶಾಸ್ತ್ರ ಓದಬೇಕಿಲ್ಲ.

ಹಾಗಾಗಿ ನಿಯಮ ಬರುವುದಾದರೆ ಮೊದಲು ಕಕ್ಕಸು, ನೀರು, ಎರಡನೆಯ ಬಾಗಿಲು, ವಿದ್ಯುತ್ ತಂತಿ ಇವುಗಳಿಂದ ಶುರುವಾಗಲಿ. ಇವಕ್ಕೆ ಯಾರನ್ನೂ ಹೊರಗೆ ಹಾಕಬೇಕಿಲ್ಲ, ಮಾಲೀಕ ಸ್ವಲ್ಪ ಖರ್ಚು ಮಾಡಿದರೆ ಸಾಕು. ಬಡ ಮುದುಕಿಯ ಮನೆಯಾದರೆ ಕಂದಾಯದಲ್ಲಿ ಸ್ವಲ್ಪ ವಿನಾಯಿತಿ ಕೊಡಲಿ. ಚದರಡಿಯ ಲೆಕ್ಕಕ್ಕೆ ಒಂದೆರಡು ಶಾಲಾ ವರ್ಷಗಳ ಅವಧಿ ಇರಲಿ. ಆಮೇಲೂ ಕೋಣೆ ಖಾಲಿ ಮಾಡಿಸಬೇಕಾಗಿ ಬಂದರೆ, ಹೊರಗೆ ಬಂದವರು ಆ ರಾತ್ರಿ ಎಲ್ಲಿ ಮಲಗಬೇಕೆಂಬುದನ್ನು ಅದೇ ನೋಟಿಸಿನಲ್ಲಿ ಹಾಸ್ಟೆಲ್ಲಿನ ಹೆಸರು ಸಹಿತ ಬರೆದುಕೊಡಲಿ.