ಮೀನಿಗೆ ಹೇಳಿದ ಸುಳ್ಳು

ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸುವ ನಾವು, ಒಂದು ಸುಳ್ಳನ್ನು ಕೈಯಾರೆ ತಯಾರಿಸಿ, ಅದಕ್ಕೆ ಬಣ್ಣ ಬಳಿದು, ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವುದನ್ನೂ ಕಲಿಸಬಹುದೇ? ಈ ಪ್ರಶ್ನೆ ನನಗೆ ಹುಟ್ಟಿದ್ದು ಯಾವ ಗ್ರಂಥ ಓದಿಯೂ ಅಲ್ಲ. ಪಲ್ಲಾವರಂನ ನಮ್ಮ ಬಾಡಿಗೆ ಮನೆಯ ನೀರಿನ ತೊಟ್ಟಿಯ ಪಕ್ಕದಲ್ಲಿ ಕುಳಿತಿದ್ದಾಗ. ನಾನು ತತ್ತ್ವಶಾಸ್ತ್ರ ಓದಿದವನಲ್ಲ. ಭೌತಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ದಿನವೂ ಲೋಕಲ್ ರೈಲಿನಲ್ಲಿ ಹೋಗಿಬರುವವನು. ಓದುಗರು ನನ್ನ ತರ್ಕದಲ್ಲಿ ತಪ್ಪಿದ್ದರೆ ತಿದ್ದಬೇಕು.

ನಮ್ಮದು ಶೃಂಗೇರಿ ಸೀಮೆ. ಮನೆಯಲ್ಲಿ ಮೀನು ತಿನ್ನುವವರು. ಈ ಪತ್ರಿಕೆಯನ್ನು ಓದುವವರಲ್ಲಿ ಅರ್ಧ ಜನ ಮೀನು ಮುಟ್ಟದವರಿದ್ದಾರೆಂಬುದು ನನಗೆ ಗೊತ್ತು. ಮೀನು ತಿನ್ನಬಹುದೇ ಬಾರದೇ ಎಂಬುದು ಬೇರೆಯೇ ಚರ್ಚೆ. ಅದನ್ನು ಇಲ್ಲಿ ಎತ್ತುವುದಿಲ್ಲ. ನನ್ನ ಪ್ರಶ್ನೆ ಕೊಲ್ಲುವುದರ ಬಗ್ಗೆ ಅಲ್ಲ, ಮೋಸದ ಬಗ್ಗೆ.

ಕಾಲೇಜು ಓದುವ ನನ್ನ ಮಗನಿಗೆ ಗಾಳದ ಹುಚ್ಚು. ಎರೆಹುಳು ಚುಚ್ಚಿ ಗಂಟೆಗಟ್ಟಲೆ ಕೂರುವುದು ಅವನಿಗೆ ಹಳೆಯ ಕಾಲದ ಪದ್ಧತಿ. ಅವನದು ಕೃತಕ ಮೀನು. ಕಡಿಮೆ ಬೆಲೆಗೆ ಅವನು ತರಿಸಿಕೊಂಡ ಪ್ಲಾಸ್ಟಿಕ್ ಮೀನು ನೋಡಲು ಸೊಗಸಾಗಿತ್ತು, ಆದರೆ ನೀರಿನಲ್ಲಿ ಎಳೆದರೆ ಕಡ್ಡಿಯಂತೆ ನೆಟ್ಟಗೆ ಬರುತ್ತಿತ್ತು. "ಅಪ್ಪಾ, ಇದು ಅಲ್ಲಾಡಬೇಕು. ಅಲ್ಲಾಡದಿದ್ದರೆ ಮೀನು ತಿರುಗಿಯೂ ನೋಡುವುದಿಲ್ಲ" ಎಂದ. ನನ್ನ ಬಿ.ಎಸ್‌ಸಿ.ಗೆ ಇಪ್ಪತ್ತು ವರ್ಷಗಳ ಮೇಲೆ ಕೆಲಸ ಬಂತು.

ಹಳೆಯ ಸಿ.ಡಿ. ತಟ್ಟೆಯೊಂದನ್ನು ತೆಗೆದುಕೊಂಡೆವು. ಅದು ಪಾಲಿಕಾರ್ಬೊನೇಟ್, 1.2 ಮಿಲಿಮೀಟರ್ ದಪ್ಪ. ಬಿಸಿನೀರಿನಲ್ಲಿ ಅದ್ದಿ ಕತ್ತರಿಸಿ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ನಾಲಗೆ ಮಾಡಿದೆವು. ಉಕ್ಕಿನ ತಂತಿಯಿಂದ ಅದನ್ನು ಮೀನಿನ ಗಲ್ಲದ ಕೆಳಗೆ ಓರೆಯಾಗಿ ಕಟ್ಟಿ, ದಾರದ ಕುಣಿಕೆಯನ್ನು ನಾಲಗೆಯ ನಡುವಿನ ತೂತಿಗೆ ಹಾಕಿದೆವು. ಎಳೆದಾಗ ನೀರು ಈ ನಾಲಗೆಗೆ ಬಡಿದು ಎರಡು ಅಂಚಿನಿಂದಲೂ ಸಮನಾಗಿ ಹರಿದುಹೋಗಲಾರದು. ಒಮ್ಮೆ ಎಡ ಅಂಚಿನಲ್ಲಿ ಸುಳಿಯೊಂದು ಕಳಚಿಕೊಳ್ಳುತ್ತದೆ, ಮರುಕ್ಷಣ ಬಲ ಅಂಚಿನಲ್ಲಿ. ಸುಳಿ ಕಳಚಿದ ಕಡೆಗೊಮ್ಮೆ ಒತ್ತಡ ಕಡಿಮೆಯಾಗಿ ತಲೆ ಎಡಕ್ಕೆ, ಬಲಕ್ಕೆ ಹೊಯ್ದಾಡುತ್ತದೆ. ಬಾಲ ಅದಕ್ಕೆ ಪ್ರತಿಯಾಗಿ ತೂಗುತ್ತದೆ. ಗಾಳಿಗೆ ಟೆಲಿಫೋನ್ ತಂತಿ ಗುಂಯ್‌ಗುಡುವುದೂ ಇಂಥ ಸುಳಿಗಳಿಂದಲೇ. ನಾಲಗೆಯನ್ನು ಹೆಚ್ಚು ನೆಟ್ಟಗೆ ಇಳಿಬಿಟ್ಟರೆ ಹೊಯ್ದಾಟ ದೊಡ್ಡದು, ಆಳ ಕಡಿಮೆ. ಮುಂದಕ್ಕೆ ಚಾಚಿದರೆ ಮೀನು ಆಳಕ್ಕಿಳಿಯುತ್ತದೆ, ನಡುಕ ಬಿಗಿಯಾಗುತ್ತದೆ. ಹೊಟ್ಟೆಯ ಕೆಳಗೆ ಒಂದು ಸೀಸದ ಚೂರು ಬೇಕು, ಇಲ್ಲವಾದರೆ ಮಗುಚಿಕೊಳ್ಳುತ್ತದೆ. ತೂತು ಕೂದಲೆಳೆಯಷ್ಟು ಓರೆಯಾದರೂ ಒಂದೇ ಕಡೆಗೆ ಓಡುತ್ತದೆ. ನಾಲ್ಕು ಭಾನುವಾರ ತೊಟ್ಟಿಯಲ್ಲಿ ಎಳೆದು ಎಳೆದು ತಿದ್ದಿದೆವು. ಐದನೆಯ ವಾರ ಅದು ಕುಂಟುತ್ತಾ ಈಜಿದಾಗ, ಸುಳ್ಳೇಕೆ, ಮಗನಿಗಿಂತ ನಾನೇ ಹೆಚ್ಚು ಕುಣಿದೆ. 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಆದಿಮಾನವನ ಕಲ್ಲಿನ ಆಯುಧವನ್ನು ಕಂಡುಹಿಡಿದದ್ದು ಇದೇ ಪಲ್ಲಾವರಂನಲ್ಲಿ. ಉಪಕರಣ ಮಾಡಿ ಹಿಗ್ಗುವ ಬುದ್ಧಿ ಈ ನೆಲಕ್ಕೆ ಹೊಸದಲ್ಲ.

ಆದರೆ ಕುಂಟುತ್ತಾ ಈಜುವುದೇಕೆ? ಅಲ್ಲಿಯೇ ವಿಷಯವಿರುವುದು. ಫಿನ್‌ಲೆಂಡಿನ ಲೌರಿ ರಾಪಾಲಾ ಎಂಬ ಬಡ ಬೆಸ್ತ, ದೊಡ್ಡ ಮೀನುಗಳು ಸಣ್ಣ ಮೀನಿನ ಹಿಂಡಿಗೆ ನುಗ್ಗಿದಾಗ ಯಾವುದನ್ನು ಹಿಡಿಯುತ್ತವೆಂದು ಗಮನಿಸಿ ನೋಡಿದ. ಗಾಯಗೊಂಡು ವಾಲಾಡುವ ಮೀನನ್ನೇ ಅವು ಆರಿಸುತ್ತಿದ್ದವು. 1936ರಲ್ಲಿ ಅವನು ಬೆಂಡನ್ನು ಕೆತ್ತಿ, ಚಾಕೊಲೇಟಿನ ತಗಡುಕಾಗದ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಬಳಿದು, ಅದೇ ವಾಲಾಟವಿರುವ ಮೀನನ್ನು ಮಾಡಿದ. ಮೀನಿನ ಪಕ್ಕೆಯುದ್ದಕ್ಕೂ ನೀರಿನ ಕಂಪನವನ್ನು ಗ್ರಹಿಸುವ ಅಂಗವೊಂದಿದೆ; ಕಲಕಿದ ನೀರಿನಲ್ಲಿಯೂ ಈ ನಡುಕ ಅದಕ್ಕೆ ತಿಳಿಯುತ್ತದೆ. ನಮ್ಮ ಸಿ.ಡಿ. ಚೂರು ನೀರಿನಲ್ಲಿ ಹೇಳುತ್ತಿದ್ದ ಮಾತು ಇಷ್ಟೇ: "ನಾನು ಸೋತಿದ್ದೇನೆ, ನನ್ನನ್ನು ಹಿಡಿಯುವುದು ಸುಲಭ."

ನಮ್ಮ ಹಿರಿಯರು ಇಂದ್ರಿಯಕ್ಕೊಂದು ಪ್ರಾಣಿಯನ್ನು ದೃಷ್ಟಾಂತವಾಗಿ ಹೇಳಿದ್ದಾರೆ. ಜಿಂಕೆ ಶಬ್ದದಿಂದ, ಆನೆ ಸ್ಪರ್ಶದಿಂದ, ಪತಂಗ ರೂಪದಿಂದ, ದುಂಬಿ ಗಂಧದಿಂದ, ಮೀನು ರಸದಿಂದ ಕೆಡುತ್ತವೆ ಎಂದು. ವಿವೇಕಚೂಡಾಮಣಿಯಲ್ಲಿಯೂ ಈ ಮಾತಿದೆ. ಗಾಳಕ್ಕೆ ಬಿದ್ದ ಮೀನೆಂದರೆ ನಾಲಗೆಯ ಚಪಲಕ್ಕೆ ಕೆಟ್ಟದ್ದು ಎಂದೇ ನಾನೂ ನಂಬಿದ್ದೆ. ನಮ್ಮ ಪ್ಲಾಸ್ಟಿಕ್ ಮೀನಿನಲ್ಲಿ ರಸವೆಲ್ಲಿತ್ತು?

ದೀಪಾವಳಿಯ ಮಳೆ ಕಳೆದ ಮೇಲೆ ಚೆಂಗಲ್‌ಪಟ್ಟಿನ ಕಡೆಯ ಒಂದು ಏರಿಗೆ ಹೋದೆವು. ಮೀನಿನ ಗುತ್ತಿಗೆ ಹಿಡಿದವರ ಅಪ್ಪಣೆ ಪಡೆದಿದ್ದೆವು. ಒಂದು ಕಡೆ ಮಳೆಹನಿ ಬಿದ್ದಂತೆ ನೀರು ಪುಟಪುಟನೆ ಅಲುಗುತ್ತಿತ್ತು. ಮಗ ಅಲ್ಲಿಗೇ ಎಸೆದ. ಎರಡನೆಯ ಸಲ ಎಳೆಯುವಾಗ ದೊಡ್ಡ ಕುಚ್ಚು ಮೀನೊಂದು, ಇಲ್ಲಿನವರು ವಿರಾಲ್ ಎನ್ನುವುದು, ಸಿಡಿಲಿನಂತೆ ಬಂದು ಕಚ್ಚಿತು. ನಮ್ಮ ಸಂಭ್ರಮ ಹೇಳತೀರದು. ದಡದಲ್ಲಿ ಬಲೆ ಒಣಹಾಕುತ್ತಿದ್ದ ಮುದುಕರೊಬ್ಬರು ಬಂದು ನೋಡಿ, "ಕುಂಜು ಕಾಯುತ್ತಿದ್ದ ಮೀನಪ್ಪಾ ಇದು" ಎಂದು ತಮಿಳಿನಲ್ಲಿ ಹೇಳಿ ಹೊರಟುಹೋದರು. ಬೈಯಲೂ ಇಲ್ಲ.

ಕುಚ್ಚು ಮೀನು ಗಾಳಿಯನ್ನೂ ಉಸಿರಾಡುವ ಜಾತಿ. ಕೆಂಬಣ್ಣದ ಮರಿಗಳು ಒಟ್ಟಾಗಿ ಮೇಲೆ ಬಂದು ಉಸಿರು ತೆಗೆದುಕೊಳ್ಳುವಾಗಲೇ ನೀರು ಹಾಗೆ ಪುಟಿಯುವುದು. ಮರಿಗಳ ಕೆಳಗೆ ತಾಯಿಯೋ ತಂದೆಯೋ ವಾರಗಟ್ಟಲೆ ಕಾವಲಿರುತ್ತದೆ, ಹತ್ತಿರ ಬಂದದ್ದರ ಮೇಲೆಲ್ಲ ಎರಗುತ್ತದೆ. ಕಾವಲು ಹೋದರೆ ಮರಿಗಳು ಬೇರೆ ಮೀನುಗಳ ಪಾಲು. ನಮ್ಮ ಮೀನು ಕಚ್ಚಿದ್ದು ಹಸಿವಿಗೂ ಅಲ್ಲ, ರುಚಿಗೂ ಅಲ್ಲ. ಆ ರಾತ್ರಿ ಸಾರು ಮಾಡಿ ತಿಂದೆವು. ಮಗ ಮಾತ್ರ ಹೆಚ್ಚು ತಿನ್ನಲಿಲ್ಲ.

ಆಗ ನಾನು ಅವನಿಗೆ ಒಂದು ಸಮಾಧಾನ ಹೇಳಿದೆ. ಮೋಸವೆನ್ನಲು ಮೊದಲು ನಂಬಿಕೆಯಿರಬೇಕು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಗೆ ಬಂದು ಮಂಡಕ್ಕಿ ತಿನ್ನುವ ಮೀನುಗಳಿಗೆ ಯಾರಾದರೂ ಗಾಳ ಹಾಕಿದರೆ ಅದು ದ್ರೋಹ, ಏಕೆಂದರೆ ಅವು ಮನುಷ್ಯನ ಕೈಯನ್ನು ನಂಬಿ ಬಂದಿವೆ. ಏರಿಯ ಮೀನು ನಮ್ಮನ್ನು ನಂಬಿರಲಿಲ್ಲ. ಸಮುದ್ರದ ಆಳದಲ್ಲಿ ತಲೆಯ ಮೇಲಿನ ಕಡ್ಡಿಯ ತುದಿಯಲ್ಲಿ ಬೆಳಕು ತೋರಿಸಿ ಬೇಟೆಯಾಡುವ ಮೀನೇ ಇದೆ. ಪ್ರಕೃತಿಯೇ ಗಾಳ ಹಾಕುತ್ತದೆ. ಹೀಗೆಂದು ವಾದಿಸಿ ನಾನು ಗೆದ್ದೆನೆಂದುಕೊಂಡೆ.

ಮೂರು ತಿಂಗಳ ಮೇಲೆ ಕಚೇರಿಯಲ್ಲಿದ್ದಾಗ ನನಗೊಂದು ಫೋನು ಬಂತು. ಯಾರೋ ಪೊಲೀಸ್ ಅಧಿಕಾರಿಯೆಂದು ಹೇಳಿಕೊಂಡು, ನಿಮ್ಮ ಮಗ ಗೆಳೆಯರ ಜೊತೆ ಸಿಕ್ಕಿಬಿದ್ದಿದ್ದಾನೆ, ಹೆಸರು ಬರೆಯುವ ಮೊದಲು ತೀರಿಸಿಕೊಳ್ಳಿ ಎಂದ. ಹಿಂದಿನಿಂದ ಒಬ್ಬ ಹುಡುಗ ಅಳುವ ಸದ್ದು. ನಾನು ಯೋಚಿಸಲಿಲ್ಲ. ಫೋನಿನಲ್ಲಿಯೇ 18,000 ರೂಪಾಯಿ ಕಳಿಸಿದೆ. ಮಗ ಆ ಹೊತ್ತಿಗೆ ಕಾಲೇಜಿನಲ್ಲಿ ಪಾಠ ಕೇಳುತ್ತಿದ್ದ. ಇಂಥ ಸಂದರ್ಭದಲ್ಲಿ 1930 ಸಂಖ್ಯೆಗೆ ಕೂಡಲೇ ಫೋನು ಮಾಡಬೇಕೆಂದು ಸಹೋದ್ಯೋಗಿ ಹೇಳಿ ದೂರು ಕೊಡಿಸಿದರು. ಇನ್ನೊಬ್ಬರು, "ಇಷ್ಟು ಓದಿದವರು ನೀವೇ ಗಾಳಕ್ಕೆ ಬಿದ್ದಿರಾ?" ಎಂದರು. ಈ ವಂಚನೆಯ ಜಾತಿಗೆ ಇಂಗ್ಲಿಷಿನಲ್ಲಿ ಫಿಶಿಂಗ್ ಎಂದೇ ಹೆಸರಂತೆ.

ಆ ಸಂಜೆ ರೈಲಿನಲ್ಲಿ ನನಗೆ ನೆನಪಾದದ್ದು ಆ ಮೀನು. ನಾನೂ ಆ ಮನುಷ್ಯನನ್ನು ನಂಬಿರಲಿಲ್ಲ; ಅವನು ಯಾರೆಂದೇ ನನಗೆ ಗೊತ್ತಿರಲಿಲ್ಲ. ದುರಾಸೆಗೂ ಬೀಳಲಿಲ್ಲ. ಲಾಟರಿ ಬಂದಿದೆಯೆಂದು ಹೇಳಿದ್ದರೆ ನಕ್ಕು ಫೋನಿಡುತ್ತಿದ್ದೆ. ಅವನು ಹಿಡಿದದ್ದು ನನ್ನ ದೌರ್ಬಲ್ಯವನ್ನಲ್ಲ, ನನ್ನಲ್ಲಿ ಒಳ್ಳೆಯದೆಂದು ಇದ್ದ ಒಂದೇ ಸಂಗತಿಯನ್ನು. ನಂಬಿಕೆಯಿಲ್ಲದ ಕಡೆ ಮೋಸವಿಲ್ಲವೆಂಬ ನನ್ನ ವಾದ ಹೀಗೆ ನನ್ನ ಮೇಲೆಯೇ ಮುರಿದುಬಿತ್ತು.

ಈಗ ನನಗೆ ತೋರುವುದು ಇಷ್ಟು. ಹಸಿದವನ ಹಸಿವನ್ನು ಬಳಸಿ ಹಿಡಿಯುವುದು ಬೇಟೆ. ಅದು ಒಳ್ಳೆಯದೋ ಕೆಟ್ಟದ್ದೋ, ಬದುಕಿನ ಹಳೆಯ ಲೆಕ್ಕ. ನಂಬಿದವನ ನಂಬಿಕೆಯನ್ನು ಬಳಸುವುದು ದ್ರೋಹ. ಕಾಯುವವನ ಪ್ರೀತಿಯನ್ನು ಬಳಸುವುದು ಇವೆರಡಕ್ಕಿಂತಲೂ ಬೇರೆ, ನನ್ನ ಮಟ್ಟಿಗೆ ಇನ್ನೂ ಕೀಳು. ಸಮುದ್ರದಾಳದ ಆ ಮೀನಿಗೆ ತಾನೇನು ಮಾಡುತ್ತಿದ್ದೇನೆಂಬುದು ಗೊತ್ತಿಲ್ಲ. ಸಿ.ಡಿ. ಕತ್ತರಿಸಿ ನಾಲ್ಕು ಭಾನುವಾರ ತಿದ್ದಿದ ನಮಗೆ ಗೊತ್ತು. ಹೊಣೆ ಬರುವುದು ಆ ತಿಳಿವಿನಿಂದಲೇ. ಮೊದಲ ದಿನ ಗೊತ್ತಿರಲಿಲ್ಲವೆಂಬುದು ನಿಜ. ಮುದುಕರು ಹೇಳಿದ ಮೇಲೂ ನಾನು ವಾದ ಹೂಡಿದ್ದು ತಪ್ಪು.

ನಾವು ಮೀನು ಬಿಟ್ಟಿಲ್ಲ. ಆದ್ದರಿಂದ ನನ್ನ ಕೈ ಶುದ್ಧವೆಂದು ಹೇಳಿಕೊಳ್ಳಲಾರೆ. ಮಗ ಈಗಲೂ ಗಾಳ ತೆಗೆದುಕೊಂಡು ಹೋಗುತ್ತಾನೆ, ಹೊಸ ನಾಲಗೆಗಳನ್ನು ಕತ್ತರಿಸುತ್ತಾನೆ. ಆದರೆ ನೀರು ಪುಟಿಯುವ ಕಡೆ ಎಸೆಯುವುದಿಲ್ಲ. ಆ ನಿಯಮವನ್ನು ನಾನು ಹಾಕಿದ್ದಲ್ಲ. ಫೋನಿನ ಕಥೆ ಹೇಳಿದ ರಾತ್ರಿ ಅವನೇ ಹಾಕಿಕೊಂಡದ್ದು.